ದರ್ಬಾರಿನಿಂದ ಪಡಸಾಲೆಗೆ

ಕಾಖಂಡಕಿ ಎಂದೊಡನೆ ಹೊರಗಿನವರಿಗೆ ನೆನಪಾಗುವುದು ಕಾರಹುಣ್ಣಿಮೆಯ ಕರಿ: ಓಡುವ ಹೋರಿ, ಹಿಡಿಯಲು ಮುಗಿಬೀಳುವ ಹುಡುಗರು. ಆದರೆ ಬಬಲೇಶ್ವರ ತಾಲ್ಲೂಕಿನ ಈ ಊರು ಮಹಿಪತಿದಾಸರದೂ ಹೌದು. 17ನೇ ಶತಮಾನದಲ್ಲಿ ವಿಜಯಪುರದ ಆದಿಲಶಾಹಿ ಆಡಳಿತದಲ್ಲಿ ಅಧಿಕಾರದಲ್ಲಿದ್ದವರು ಅದನ್ನು ಬಿಟ್ಟು, ಸಾರವಾಡದ ಭಾಸ್ಕರಸ್ವಾಮಿಗಳಿಗೆ ಶಿಷ್ಯರಾಗಿ, ಇಲ್ಲಿ ನೆಲೆಸಿ ಪದ ಕಟ್ಟಿದರು. ಕನ್ನಡವಷ್ಟೇ ಅಲ್ಲ, ಮರಾಠಿ, ಹಿಂದಿಯಲ್ಲೂ ಬರೆದರು. ಮಗ ಕೃಷ್ಣರಾಯರೂ ಅದೇ ದಾರಿ ಹಿಡಿದರು.

ಮಹಿಪತಿದಾಸರು ಬಿಟ್ಟುಬಂದ ಅರಮನೆಗೂ ಹಾಡಿನ ಹುಚ್ಚಿತ್ತು. ಹಿಂದಿನ ತಲೆಮಾರಿನ ದೊರೆ ಎರಡನೇ ಇಬ್ರಾಹಿಂ ಆದಿಲ್ ಶಾಹ (ಆಳಿದ್ದು 1580ರಿಂದ 1627) ತೊರವಿಯ ಬಳಿ ನವರಸಪುರ ಕಟ್ಟಿಸಿದ. ಅಲ್ಲಿನ ಸಂಗೀತ ಮಹಲಿನ ಕಮಾನುಗಳು ಇನ್ನೂ ನಿಂತಿವೆ. ರಾಗರಾಗಕ್ಕೆ ದಖನಿ ಹಾಡು ಬರೆದು ‘ಕಿತಾಬ್-ಎ-ನವರಸ್’ ರಚಿಸಿದ, ಅದರಲ್ಲಿ ಸರಸ್ವತಿಯನ್ನೂ ಗಣಪತಿಯನ್ನೂ ಸ್ತುತಿಸಿದ. ಅವನ ತಂಬೂರಿಗೆ ಮೋತಿಖಾನ್ ಎಂಬ ಹೆಸರಿತ್ತು. ಈಗಿನ ಸಂಗೀತ ಕಾರ್ಯಕ್ರಮಗಳ ಆಮಂತ್ರಣ ಪತ್ರಿಕೆಗಳಲ್ಲಿ ತಂಬೂರಿ ಇರಲಿ, ಅದನ್ನು ನುಡಿಸುವವರ ಹೆಸರೂ ಇರುವುದಿಲ್ಲ.

ನಮ್ಮ ಕಡೆ ಶಾಸ್ತ್ರೀಯ ಸಂಗೀತದ ಸಂಜೆ ಎಂದರೆ ಬೈಠಕ್. ಹಾಸಿದ ಜಮಖಾನೆ, ಹಾಡುವವರು, ತಬಲಾ, ಪೇಟಿ, ಹಿಂದೊಂದು ತಂಬೂರಿ. ಪೂರಿಯಾದಿಂದಲೋ ಯಮನದಿಂದಲೋ ಶುರು. ವಿಲಂಬಿತ ಏಕತಾಲದ ಹನ್ನೆರಡು ಮಾತ್ರೆ ನಿಧಾನಕ್ಕೆ ಸುತ್ತುತ್ತದೆ, ಸಮ್‌ಗೆ ಬಂದಾಗ ಮುಂದೆ ಕೂತ ಹಿರಿಯರ ತಲೆ ತೂಗುತ್ತದೆ. ಕಡೆಗೊಂದು ದಾಸರ ಪದ, ಭೈರವಿ. ಖಯಾಲಿನ ಬೆನ್ನಿಗೇ ದಾಸರ ಪದ ಬರುವುದು ಇಂದು ಸಹಜವೆನಿಸಿದ್ದರೆ ಅದರಲ್ಲಿ ಭೀಮಸೇನ ಜೋಶಿಯವರ ‘ದಾಸವಾಣಿ’ಯ ಪಾಲು ದೊಡ್ಡದು.

ಈ ಸಂಗೀತ ಹುಟ್ಟಿದ್ದೇ ಹತ್ತಿರ ಕೂತು ಕೇಳಲಿಕ್ಕೆ. ತಂಬೂರಿಯ ನಾಲ್ಕು ತಂತಿ ಪಂಚಮ, ಎರಡು ಷಡ್ಜ, ಖರ್ಜಕ್ಕೆ ಕೂಡಿಸಿ, ಕುದುರೆಯ ಮೇಲೆ ತಂತಿಯಡಿ ಹತ್ತಿಯ ದಾರ ಸರಿಸಿ ಜವಾರಿ ಹದಗೊಳಿಸಿದರೆ, ಖರ್ಜದೊಳಗಿಂದ ಯಾರೂ ಮೀಟದ ಗಾಂಧಾರ ಏಳುತ್ತದೆ. ಹಾಡುವವರು ಸ್ವರ ಹಚ್ಚುವುದು ಅದಕ್ಕೆ. ಪಡಸಾಲೆಯಲ್ಲಿ ಕೂತವರಿಗೂ ಅದು ಕೇಳುತ್ತದೆ. ಎರಡು ದೊಡ್ಡ ಸ್ಪೀಕರ್ ನಿಲ್ಲಿಸಿದಿರೋ, ಮೊದಲು ಸಾಯುವುದೇ ಆ ಗಾಂಧಾರ. ಆಮೇಲೆ ಉಳಿಯುವುದು ತಬಲಾದ ಡಗ್ಗಾ, ಹಾಡುವವರ ಕೆಮ್ಮು.

ಹತ್ತಿರ ಕೂತು ಕೇಳುವ ಈ ಬಗೆಗೆ ಕುಂದಗೋಳದ ನಾಡಿಗೇರ ವಾಡೆ ಸಾಕ್ಷಿ. ಅಬ್ದುಲ್ ಕರೀಂ ಖಾನರ ಶಿಷ್ಯ, ಗಂಗೂಬಾಯಿ ಹಾನಗಲ್ ಮತ್ತು ಭೀಮಸೇನರ ಗುರು ಸವಾಯಿ ಗಂಧರ್ವರ ಸ್ಮರಣೆಗೆ ಆ ಹಳೆಯ ಮನೆಯಲ್ಲಿ ಅಹೋರಾತ್ರಿ ಹಾಡು ನಡೆಯುತ್ತದೆ. ಅಲ್ಲಿ ಹಾಡಲು ಹೆಸರಾಂತ ಗಾಯಕರೂ ಬಂದರು. ದೊಡ್ಡ ಸಭಾಭವನವೇ ಬೇಕೆನ್ನುವವರು ಒಮ್ಮೆ ಆ ವಾಡೆ ನೋಡಬೇಕು.

ಮಹಿಪತಿದಾಸರ ಆರಾಧನೆಗೆ ಹಾಡಿಸುವವರಲ್ಲಿ, ವಿಜಯಪುರ, ತಿಕೋಟಾ ಸುತ್ತಿನ ಭಜನಾ ಮಂಡಳಿಗಳಲ್ಲಿ ಒಂದು ಕೋರಿಕೆ: ಒಂದು ರಾತ್ರಿಯಾದರೂ ಮೈಕ್ ಕಟ್ಟದೆ ಪಡಸಾಲೆಯಲ್ಲಿ ಹಾಡಿಸಿ ನೋಡಿ. ತಂಬೂರಿಗೆ ಕೂತ ಹುಡುಗಿಯ ಹೆಸರನ್ನೂ ಆಮಂತ್ರಣ ಪತ್ರಿಕೆಯಲ್ಲಿ ಹಾಕಿಸಿ.