ಹಠ ಅಲ್ಲ, ಅದು ಭಯ

ಅರಸೀಕೆರೆಯ ನಮ್ಮ ಮನೆಯಲ್ಲಿ ಕುಕ್ಕರ್ ಕೂಗಿದರೆ ಸಾಕು, ಅಕ್ಕನ ಮಗ ತಲೆ ಚಚ್ಚಿಕೊಳ್ಳುತ್ತಿದ್ದ. ‘ಹಠಮಾರಿ, ಎರಡು ಬಿಗಿದ್ರೆ ಸರಿಹೋಗ್ತಾನೆ’ ಅಂದವರೇ ಹೆಚ್ಚು. ಅವನಿಗೆ ಆಟಿಸಂ ಅಂತ ಗೊತ್ತಾದ ಮೇಲೆ ನಾನು ಅನ್ವಯಿಕ ವರ್ತನಾ ವಿಶ್ಲೇಷಣೆ ಓದತೊಡಗಿದೆ.

ಮೊದಲ ಪಾಠ: ಮುಂಚೆ ಏನಾಯಿತು, ಮಗು ಏನು ಮಾಡಿತು, ಆಮೇಲೆ ಏನಾಯಿತು, ಮೂರನ್ನೂ ಬರೆದಿಡಿ. ವಾರ ಬರೆದಾಗ ತಿಳಿಯಿತು, ಅದು ಸದ್ದಿನ ಭಯ. ಕಿವಿ ಮುಟ್ಟಿ ತೋರಿಸೋದು ಕಲಿಸಿದೆವು. ತೋರಿಸಿದ ಕೂಡಲೇ ಅಕ್ಕ ಗ್ಯಾಸ್ ಆಫ್ ಮಾಡ್ತಾಳೆ. ಚಚ್ಚಿಕೊಳ್ಳುವುದು ಕಡಿಮೆಯಾಗಿದೆ.

ಇದನ್ನೇ ವೃತ್ತಿ ಮಾಡಿಕೊಳ್ಳುವವರಿಗೆ ಒಂದು ಮಾತು: ಆನ್‌ಲೈನ್ ಸರ್ಟಿಫಿಕೇಟ್ ಸಾಲದು. ವಿಶೇಷ ಶಿಕ್ಷಕರಾಗಲು 1992ರ ಕಾಯ್ದೆಯಂತೆ ಭಾರತೀಯ ಪುನರ್ವಸತಿ ಮಂಡಳಿಯ ನೋಂದಣಿ ಬೇಕು. ನಾನೂ ಮಾನ್ಯತೆ ಇರುವ ಡಿಪ್ಲೊಮಾಗೇ ಸೇರಿದ್ದೇನೆ. ಹಳೇಬೀಡಿನ ತಾಯಿಯೊಬ್ಬರು ಆಗಲೇ ಕೇಳ್ತಿದ್ದಾರೆ, ‘ಯಾವಾಗ ಮುಗಿಯುತ್ತಮ್ಮಾ?’