ಹೊಸ ಋತು, ಹೊಸ ಅಭ್ಯಾಸ: ನಂಬಿಕೆ ಏನು, ಸತ್ಯ ಏನು?

ಯುಗಾದಿ ಹತ್ತಿರ ಬಂತೆಂದರೆ ಗೋಡೆಗೆ ಸುಣ್ಣ, ಹಿತ್ತಾಳೆ ಪಾತ್ರೆಗೆ ಹುಣಸೆಹಣ್ಣು, ಮನಸ್ಸಿಗೊಂದು ಸಂಕಲ್ಪ. ಬೇವು-ಬೆಲ್ಲ ತಿಂದ ಮಾರನೆಯ ದಿನದಿಂದ ಬೆಳಗಿನ ವಾಕಿಂಗ್, ಕಾಫಿಗೆ ಸಕ್ಕರೆ ಬಂದ್, ರಾತ್ರಿ ಹತ್ತರ ಮೇಲೆ ಮೊಬೈಲ್ ಮುಟ್ಟುವುದಿಲ್ಲ ಎಂಬ ಶಪಥ. ಮುಂಗಾರಿನ ಜೊತೆ ಶಾಲೆ ಶುರುವಾಗುವ ಜೂನ್‌ನಲ್ಲೂ, ಜನವರಿ ಒಂದರಂದೂ ಇದೇ ಕಥೆ. ಮೊದಲ ವಾರ ಬಡಾವಣೆಯ ಪಾರ್ಕಿನಲ್ಲಿ ಹೆಜ್ಜೆ ಹಾಕಲು ಜಾಗ ಸಿಗುವುದಿಲ್ಲ. ತಿಂಗಳು ತುಂಬುವಷ್ಟರಲ್ಲಿ ಹಳೆಯ ಮುಖಗಳಷ್ಟೇ ಉಳಿದಿರುತ್ತವೆ. ಅರ್ಧಕ್ಕೆ ಬಿಟ್ಟವರು "ನಮ್ಮ ಹಣೆಬರಹವೇ ಇಷ್ಟು" ಎಂದು ತಮ್ಮನ್ನೇ ಹಳಿದುಕೊಳ್ಳುತ್ತಾರೆ. ಎಷ್ಟೋ ಸಲ ಅವರನ್ನು ಕೆಡಿಸುವುದು ಸೋಮಾರಿತನಕ್ಕಿಂತ ಹೆಚ್ಚಾಗಿ ಅಭ್ಯಾಸದ ಬಗ್ಗೆ ಕೇಳಿ ನಂಬಿದ ತಪ್ಪು ಲೆಕ್ಕಗಳು. ಅಂಥ ಕೆಲವನ್ನು ಇಲ್ಲಿ ನೋಡೋಣ.

ನಂಬಿಕೆ: ಯಾವ ಅಭ್ಯಾಸವಾದರೂ 21 ದಿನಕ್ಕೆ ಮೈಗೂಡುತ್ತದೆ.

ಸತ್ಯ: ಈ 21ರ ಮೂಲ ಅಮೆರಿಕದ ಪ್ಲಾಸ್ಟಿಕ್ ಸರ್ಜನ್ ಮ್ಯಾಕ್ಸ್‌ವೆಲ್ ಮಾಲ್ಟ್ಜ್ 1960ರಲ್ಲಿ ಬರೆದ 'ಸೈಕೋ-ಸೈಬರ್ನೆಟಿಕ್ಸ್' ಪುಸ್ತಕ. ಶಸ್ತ್ರಚಿಕಿತ್ಸೆಯಾದ ರೋಗಿಗಳಿಗೆ ಕನ್ನಡಿಯಲ್ಲಿ ಕಾಣುವ ಹೊಸ ಮುಖ ತಮ್ಮದೇ ಅನ್ನಿಸಲು ಕನಿಷ್ಠ 21 ದಿನ ಬೇಕಾಗುತ್ತದೆ ಎಂಬುದು ಆತ ಕಂಡುಕೊಂಡ ಸಂಗತಿ. ಬಾಯಿಂದ ಬಾಯಿಗೆ ದಾಟುವಾಗ 'ಕನಿಷ್ಠ' ಬಿದ್ದುಹೋಯಿತು, ಮುಖದ ಮಾತೂ ಮರೆತುಹೋಯಿತು, 21 ಮಾತ್ರ ಉಳಿಯಿತು.

ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನ ಫಿಲಿಪಾ ಲ್ಯಾಲಿ ಮತ್ತು ಸಂಗಡಿಗರು ಇದನ್ನು ನಿಜವಾಗಿ ಅಳೆದು ನೋಡಿದರು. 96 ಮಂದಿ ಊಟದ ಜೊತೆ ಹಣ್ಣು, ರಾತ್ರಿ ಊಟಕ್ಕೆ ಮೊದಲು ಒಂದಿಷ್ಟು ಓಟ, ಹೀಗೆ ತಮಗೆ ಬೇಕಾದ ಒಂದೊಂದು ಅಭ್ಯಾಸ ಆರಿಸಿಕೊಂಡು 84 ದಿನ ಪಾಲಿಸಿದರು. ಯೋಚಿಸದೆಯೇ ಕೈಕಾಲು ಆ ಕೆಲಸಕ್ಕೆ ಹೊರಡುವ ಹಂತ ಮುಟ್ಟಲು ಸರಾಸರಿ 66 ದಿನ ಬೇಕಾಗಿತ್ತು. ಬೇಗ ಪಳಗಿದವರಿಗೆ 18 ದಿನ ಸಾಕಾದರೆ, ತೀರಾ ನಿಧಾನದವರಿಗೆ 254 ದಿನ ಹಿಡಿಯಬಹುದೆಂದು ಲೆಕ್ಕ ಸಿಕ್ಕಿತು. ನೀರು ಕುಡಿಯುವಂಥ ಹಗುರ ಕೆಲಸ ಬೇಗ ಕೂಡಿಬಂತು. ಬೆವರು ಹರಿಸುವ ವ್ಯಾಯಾಮ ಹೆಚ್ಚು ಕಾಲ ಕೇಳಿತು. ನಮ್ಮ ಪಂಚಾಂಗದಲ್ಲಿ ಹೇಳುವುದಾದರೆ, ಯುಗಾದಿಗೆ ಹಿಡಿದ ಅಭ್ಯಾಸ ನಿಲ್ಲಬೇಕಾದರೆ ಚೈತ್ರ, ವೈಶಾಖ ಎರಡೂ ಕಳೆದು ಜ್ಯೇಷ್ಠ ಕಾಲಿಡಬೇಕು. ಇಪ್ಪತ್ತೆರಡನೆಯ ದಿನವೂ ಹಾಸಿಗೆ ಬಿಡಲು ಕಷ್ಟವಾದರೆ ಅದು ಸೋಲಲ್ಲ. ಇನ್ನೂ ಅರ್ಧ ದಾರಿಯೂ ಆಗಿಲ್ಲ.

ನಂಬಿಕೆ: ಒಳ್ಳೆಯ ದಿನ ನೋಡಿ ಶುರು ಮಾಡುವುದು ಬರೀ ಮೂಢನಂಬಿಕೆ.

ಸತ್ಯ: ಪೂರ್ತಿ ಹಾಗಲ್ಲ. ಹೆಂಗ್‌ಚೆನ್ ಡೈ, ಕ್ಯಾಥರೀನ್ ಮಿಲ್ಕ್‌ಮನ್ ಮತ್ತು ಜೇಸನ್ ರೀಸ್ 2014ರಲ್ಲಿ ಪ್ರಕಟಿಸಿದ ಅಧ್ಯಯನ ಇದರ ಬಗ್ಗೆಯೇ ಇದೆ. ಗೂಗಲ್‌ನಲ್ಲಿ 'ಡಯಟ್' ಎಂದು ಹುಡುಕುವವರ ಸಂಖ್ಯೆ, ವಿದ್ಯಾರ್ಥಿಗಳು ಜಿಮ್‌ಗೆ ಹೋಗುವ ಸಂಖ್ಯೆ ಎರಡೂ ವಾರದ ಮೊದಲಲ್ಲಿ, ತಿಂಗಳ ಮೊದಲಲ್ಲಿ, ವರ್ಷದ ಮೊದಲಲ್ಲಿ ಏರುತ್ತವೆ. ಸೆಮಿಸ್ಟರ್ ಆರಂಭವಾದಾಗಲೂ ಜಿಮ್ ತುಂಬುತ್ತದೆ. ದೀಪಾವಳಿಗೆ ವ್ಯಾಪಾರಿ ಹೊಸ ಲೆಕ್ಕದ ಪುಸ್ತಕ ತೆರೆಯುವ ಹಾಗೆ, ಹಿಂದಿನ ಸೋಲನ್ನೆಲ್ಲ ಹಳೆಯ ಖಾತೆಗೆ ಬರೆದು ಮುಚ್ಚಲು ಇಂಥ ದಿನಗಳು ನೆಪವಾಗುತ್ತವೆ. ಆ ಹುರುಪನ್ನು ಬಳಸಿಕೊಳ್ಳುವುದರಲ್ಲಿ ತಪ್ಪೇನಿಲ್ಲ.

ಆದರೆ ಇದಕ್ಕೆ ಇನ್ನೊಂದು ಮಗ್ಗುಲಿದೆ. ಡೈ ಅವರೇ 2018ರಲ್ಲಿ ಅಮೆರಿಕದ ಬೇಸ್‌ಬಾಲ್ ಆಟಗಾರರನ್ನು ಗಮನಿಸಿದರು. ಸೀಸನ್ ನಡುವೆ ಬೇರೆ ಲೀಗ್‌ಗೆ ಹೋದವರ ಅಂಕಿಅಂಶ ಸೊನ್ನೆಯಿಂದ ಶುರುವಾಗುತ್ತದೆ. ಅದುವರೆಗೆ ಸಪ್ಪೆಯಾಗಿ ಆಡಿದ್ದವರು ಇದರಿಂದ ಚೇತರಿಸಿಕೊಂಡರು. ಚೆನ್ನಾಗಿ ಆಡುತ್ತಿದ್ದವರು ಮಂಕಾದರು. ಹಾಗಾಗಿ ಮಾಘದಿಂದಲೇ ನಿಮ್ಮ ವಾಕಿಂಗ್ ಸರಿಯಾಗಿ ನಡೆಯುತ್ತಿದ್ದರೆ ಹಬ್ಬದ ಹೆಸರಲ್ಲಿ ಅದನ್ನು ನಿಲ್ಲಿಸಿ ಹೊಸದಾಗಿ ಶುರು ಮಾಡಬೇಡಿ. ಆಷಾಢ ಕಳೆಯಲಿ, ಸೋಮವಾರ ಬರಲಿ ಎಂದು ಕಾಯುವುದೂ ಬೇಡ. ಮದುವೆ, ಗೃಹಪ್ರವೇಶಕ್ಕೆ ಮುಹೂರ್ತ ನೋಡುವವರು ನೋಡಲಿ; ಪಾರ್ಕಿಗೆ ಹೋಗಲು ಅದರ ಅಗತ್ಯವಿಲ್ಲ.

ನಂಬಿಕೆ: ಒಂದು ದಿನ ತಪ್ಪಿದರೆ ವ್ರತಭಂಗ.

ಸತ್ಯ: ಲಂಡನ್ನಿನ ಅದೇ ಅಧ್ಯಯನದಲ್ಲಿ ಒಂದು ದಿನ ತಪ್ಪಿಸಿಕೊಂಡವರ ಅಭ್ಯಾಸಕ್ಕೆ ಹೇಳಿಕೊಳ್ಳುವಂಥ ಪೆಟ್ಟೇನೂ ಬೀಳಲಿಲ್ಲ. ಮದುವೆ ಮನೆ, ಜ್ವರ, ಊರಿಂದ ಬಂದ ನೆಂಟರು ಯಾರನ್ನೂ ಬಿಡುವುದಿಲ್ಲ. ಕೆಡುಕು ಮಾಡುವುದು ತಪ್ಪಿದ ಆ ದಿನವಲ್ಲ, ಅದರ ಬೆನ್ನಿಗೇ ಬರುವ "ಹೇಗೂ ಕೆಟ್ಟಿತು" ಎಂಬ ಮಾತು. ಒಂದು ಹೋಳಿಗೆ ತಿಂದದ್ದಕ್ಕೆ ಇನ್ನೂ ಮೂರು ಹಾಕಿಸಿಕೊಳ್ಳುವವರು ಈ ಮಾತಿನವರೇ.

ನಂಬಿಕೆ: ಮನಸ್ಸು ಗಟ್ಟಿಯಿದ್ದರೆ ಸಾಕು.

ಸತ್ಯ: ಬ್ರಿಟನ್ನಿನಲ್ಲಿ ಸಾರಾ ಮಿಲ್ನ್ ಮತ್ತು ಜೊತೆಗಾರರು 2002ರಲ್ಲಿ ಪ್ರಕಟಿಸಿದ ಪ್ರಯೋಗ ಇದಕ್ಕೆ ಒಳ್ಳೆಯ ಉತ್ತರ. ವಾರಕ್ಕೆ ಒಮ್ಮೆಯಾದರೂ 20 ನಿಮಿಷ ವ್ಯಾಯಾಮ ಮಾಡಿಸುವುದು ಗುರಿ. ಒಂದು ಗುಂಪನ್ನು ಅದರ ಪಾಡಿಗೆ ಬಿಟ್ಟರು. ಇನ್ನೊಂದಕ್ಕೆ ಹೃದಯರೋಗದ ಅಪಾಯ, ವ್ಯಾಯಾಮದ ಲಾಭ ಎಲ್ಲವನ್ನೂ ಓದಿಸಿ ಮನಸ್ಸು ಗಟ್ಟಿ ಮಾಡಿದರು. ಮೂರನೆಯ ಗುಂಪಿನವರಿಂದ ಅದರ ಜೊತೆಗೆ ಯಾವ ದಿನ, ಎಷ್ಟು ಹೊತ್ತಿಗೆ, ಎಲ್ಲಿ ಎಂದು ಬರೆಸಿಕೊಂಡರು. ಮೊದಲ ಗುಂಪಿನಲ್ಲಿ ಶೇ 38, ಎರಡನೆಯದರಲ್ಲಿ ಶೇ 35 ಮಂದಿ ವ್ಯಾಯಾಮ ಮಾಡಿದರು. ಮೂರನೆಯದರಲ್ಲಿ ಶೇ 91! ಉಪದೇಶದಿಂದ ಆಗದ ಕೆಲಸ ಒಂದು ಸಾಲಿನ ಬರಹದಿಂದ ಆಯಿತು.

ನಾವೂ ಇದನ್ನೇ ಮಾಡಬಹುದು. "ಇನ್ನು ಮೇಲೆ ನಡೆಯುತ್ತೇನೆ" ಎನ್ನುವುದು ಆಸೆ ಅಷ್ಟೆ. "ಬೆಳಗ್ಗೆ ಹಾಲಿನ ಪ್ಯಾಕೆಟ್ ಫ್ರಿಜ್ಜಿಗಿಟ್ಟ ಕೂಡಲೇ ಶೂ ಹಾಕಿಕೊಂಡು ಕೆರೆ ಏರಿಯವರೆಗೆ ಹೋಗಿಬರುತ್ತೇನೆ" ಎಂದರೆ ಹೊತ್ತೂ ಸಿಕ್ಕಿತು, ಜಾಗವೂ ಸಿಕ್ಕಿತು. ಹಾಲು ತರುವುದು ಹೇಗೂ ತಪ್ಪುವುದಿಲ್ಲ. ಅದರ ಬಾಲ ಹಿಡಿದು ನಡಿಗೆಯೂ ಬರುತ್ತದೆ. ರಾತ್ರಿ ಮೊಬೈಲ್ ಬಿಡಬೇಕೆನ್ನುವವರು ಚಾರ್ಜರನ್ನು ಮಂಚದ ಪಕ್ಕದಿಂದ ಕಿತ್ತು ಹಾಲ್‌ನಲ್ಲಿ ಟಿವಿ ಹತ್ತಿರ ಸಿಕ್ಕಿಸಿದರೆ ಸಾಕು. ಮಲಗಿದಲ್ಲಿಂದ ಎದ್ದು ಹೋಗಿ ಫೋನ್ ನೋಡುವಷ್ಟು ಉತ್ಸಾಹ ಹನ್ನೊಂದು ಗಂಟೆಗೆ ಯಾರಿಗೂ ಇರುವುದಿಲ್ಲ.

ನಂಬಿಕೆ: ಬದಲಾಗುವುದಾದರೆ ಒಂದೇ ಏಟಿಗೆ, ಎಲ್ಲವೂ ಒಟ್ಟಿಗೆ.

ಸತ್ಯ: ಈ ಅವಸರ ನಮ್ಮ ಪರಂಪರೆಯದೇನಲ್ಲ. ಒಂದು ಋತುವಿನ ಕೊನೆಯ ಏಳು ದಿನ, ಮುಂದಿನದರ ಮೊದಲ ಏಳು ದಿನ ಸೇರಿದರೆ ಋತುಸಂಧಿ. ಆ ಹದಿನಾಲ್ಕು ದಿನಗಳಲ್ಲಿ ಹಳೆಯ ಆಹಾರವಿಹಾರವನ್ನು ಮೆಲ್ಲಗೆ ಬಿಟ್ಟು ಹೊಸದನ್ನು ಮೆಲ್ಲಗೆ ಹಿಡಿಯಬೇಕು ಎನ್ನುತ್ತದೆ ವಾಗ್ಭಟನ ಅಷ್ಟಾಂಗಹೃದಯ. ಕೆಟ್ಟ ರೂಢಿಯನ್ನು ಕಾಲು ಕಾಲು ಭಾಗವಾಗಿ ಕಳೆಯುತ್ತ ಒಳ್ಳೆಯದನ್ನು ಅಷ್ಟಷ್ಟೇ ಕೂಡಿಸುವ ಕ್ರಮ ಚರಕಸಂಹಿತೆಯಲ್ಲೂ ಇದೆ. ಲೋಟಕ್ಕೆ ಎರಡು ಚಮಚ ಸಕ್ಕರೆ ಹಾಕಿಕೊಳ್ಳುವವರು ಹಬ್ಬದ ಮರುದಿನವೇ ಸಪ್ಪೆ ಕಾಫಿ ಕುಡಿದರೆ ಮೂರನೆಯ ದಿನ ಡಬ್ಬಿಗೆ ಕೈ ಹೋಗುವುದು ಖಂಡಿತ. ಮೊದಲು ಒಂದೂವರೆ, ಅದು ರುಚಿಗೆ ಹತ್ತಿದ ಮೇಲೆ ಒಂದು, ಆಮೇಲೆ ಅರ್ಧ ಎಂದು ಇಳಿಸಿದರೆ ನಾಲಿಗೆ ಜಗಳ ತೆಗೆಯುವುದಿಲ್ಲ.

ಪಟ್ಟಿಯ ಉದ್ದವೂ ಒಂದು ತೊಡಕು. ವಾಕಿಂಗ್‌ಗೆ ಮುಕ್ಕಾಲು ಗಂಟೆ, ಧ್ಯಾನಕ್ಕೆ ಅರ್ಧ ಗಂಟೆ, ಓದಿಗೆ ಒಂದು ಗಂಟೆ ಎಂದು ಬರೆಯುವವರು ಆ ಹೊತ್ತನ್ನು ಯಾವುದರಿಂದ ಕಿತ್ತುಕೊಳ್ಳುತ್ತೇವೆ ಎಂದು ಬರೆಯುವುದೇ ಇಲ್ಲ. ದಿನಕ್ಕೆ ಇರುವುದು 24 ಗಂಟೆಯೇ. ಆದ್ಯತೆ ಎಂದರೆ ಸೇರಿಸುವ ಮೊದಲು ತೆಗೆಯುವುದು: ಒಂದು ಧಾರಾವಾಹಿ, ಎರಡು ವಾಟ್ಸಾಪ್ ಗುಂಪು. ಹೊತ್ತು ಸಿಗದಿದ್ದರೆ ಜನ ನಿದ್ರೆಗೆ ಕತ್ತರಿ ಹಾಕುತ್ತಾರೆ, ಅದು ಕೂಡದು. ವಯಸ್ಕರಿಗೆ ಕನಿಷ್ಠ ಏಳು ಗಂಟೆ ನಿದ್ರೆ ಬೇಕು.

ಸಂಕಲ್ಪದ ಮಾತೂ ಮುಖ್ಯ. ಸ್ವೀಡನ್‌ನಲ್ಲಿ ಸಾವಿರಕ್ಕೂ ಹೆಚ್ಚು ಜನರನ್ನು ವರ್ಷವಿಡೀ ಗಮನಿಸಿ 2020ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, 'ಇದನ್ನು ಮಾಡುತ್ತೇನೆ' ಎಂದವರಲ್ಲಿ ಸುಮಾರು ಶೇ 59 ಮಂದಿ ಗೆದ್ದೆವೆಂದರು. 'ಇದನ್ನು ಬಿಡುತ್ತೇನೆ' ಎಂದವರಲ್ಲಿ ಶೇ 47. ಸಂಜೆಯ ಬೋಂಡಾ ಬಿಡುತ್ತೇನೆ ಎನ್ನುವ ಬದಲು ಸಂಜೆಗೆ ಹೆಸರುಕಾಳು ಉಸಲಿ ತಿನ್ನುತ್ತೇನೆ ಎನ್ನಿ.

ನಂಬಿಕೆ: ದಿನಕ್ಕೆ 10,000 ಹೆಜ್ಜೆ, ಎಂಟು ಲೋಟ ನೀರು. ಅದಕ್ಕಿಂತ ಕಡಿಮೆಯಾದರೆ ವ್ಯರ್ಥ.

ಸತ್ಯ: 10,000 ಹೆಜ್ಜೆಯ ಗುರಿ ಹಬ್ಬಿದ್ದು 1965ರ ಸುಮಾರಿಗೆ ಜಪಾನಿನ ಕಂಪನಿಯೊಂದು ಮಾರುಕಟ್ಟೆಗೆ ತಂದ ಹೆಜ್ಜೆ ಎಣಿಸುವ ಯಂತ್ರದಿಂದ. 2019ರಲ್ಲಿ ಅಮೆರಿಕದ ವಯಸ್ಸಾದ ಮಹಿಳೆಯರ ಮೇಲೆ ಐ-ಮಿನ್ ಲೀ ತಂಡ ನಡೆಸಿದ ಅಧ್ಯಯನದಲ್ಲಿ, ದಿನಕ್ಕೆ ಸುಮಾರು 4,400 ಹೆಜ್ಜೆ ನಡೆದವರಲ್ಲೂ 2,700 ಹೆಜ್ಜೆಯವರಿಗಿಂತ ಸಾವಿನ ಪ್ರಮಾಣ ಕಡಿಮೆಯಿತ್ತು. 7,500 ದಾಟಿದ ಮೇಲೆ ಹೆಚ್ಚಿನ ಲಾಭ ಕಾಣಲಿಲ್ಲ. ಎಂಟು ಲೋಟ ನೀರಿನ ಮಾತನ್ನು ಅಮೆರಿಕದ ಆಹಾರ ಮಂಡಳಿಯ 1945ರ ಸಲಹೆಯವರೆಗೆ ಹಿಂಬಾಲಿಸಬಹುದು. ದಿನಕ್ಕೆ ಎರಡೂವರೆ ಲೀಟರ್ ಎಂದ ಆ ಸಲಹೆಯೇ, ಅದರಲ್ಲಿ ಹೆಚ್ಚಿನ ಪಾಲು ಆಹಾರದಲ್ಲೇ ಇದೆ ಎಂದೂ ಹೇಳಿತ್ತು. ಸಾರು, ಮಜ್ಜಿಗೆ, ಕಲ್ಲಂಗಡಿ ಎಲ್ಲವೂ ಲೆಕ್ಕಕ್ಕೆ ಬರುತ್ತವೆ. ರಾಯಚೂರಿನ ಚೈತ್ರದ ಬಿಸಿಲಲ್ಲಿ ದುಡಿಯುವವರಿಗೆ ಇನ್ನೂ ಹೆಚ್ಚು ನೀರು ಬೇಕು. ಮೂತ್ರಪಿಂಡ ಅಥವಾ ಹೃದಯದ ತೊಂದರೆ ಇರುವವರು ವೈದ್ಯರು ಹೇಳಿದಷ್ಟೇ ಕುಡಿಯಬೇಕು.

ನಂಬಿಕೆ: ಸಂಕಲ್ಪವೆಲ್ಲ ನಾಲ್ಕು ದಿನದ್ದು, ಮಾಡಿ ಪ್ರಯೋಜನವಿಲ್ಲ.

ಸತ್ಯ: ಅಮೆರಿಕದ ಮನಶ್ಶಾಸ್ತ್ರಜ್ಞ ಜಾನ್ ನಾರ್ಕ್ರಾಸ್ ಮತ್ತು ಸಂಗಡಿಗರು ಬದಲಾಗಬೇಕೆಂಬ ಆಸೆ ಇದ್ದವರ ಎರಡು ಗುಂಪುಗಳನ್ನು ಹೋಲಿಸಿ 2002ರಲ್ಲಿ ಫಲಿತಾಂಶ ಪ್ರಕಟಿಸಿದರು. ಹೊಸ ವರ್ಷಕ್ಕೆ ಸಂಕಲ್ಪ ಮಾಡಿದವರಲ್ಲಿ ಆರು ತಿಂಗಳ ನಂತರವೂ ಶೇ 46 ಮಂದಿ ಅದನ್ನು ಉಳಿಸಿಕೊಂಡಿದ್ದರು. ಆಸೆಯಿದ್ದೂ ಸಂಕಲ್ಪ ಮಾಡದವರಲ್ಲಿ ಬದಲಾದವರು ಬರೀ ಶೇ 4.

ಆದ್ದರಿಂದ ಸಂಕಲ್ಪ ಖಂಡಿತ ಮಾಡಿ, ಆದರೆ ಒಂದೇ ಒಂದು. ಎಷ್ಟು ಹೊತ್ತಿಗೆ, ಎಲ್ಲಿ, ಯಾವ ಕೆಲಸದ ಬೆನ್ನಿಗೆ ಎಂದು ಅಡುಗೆಮನೆಯ ಕ್ಯಾಲೆಂಡರಿನ ಮೇಲೆ ಬರೆದಿಡಿ. ತಪ್ಪಿದ ದಿನಕ್ಕೆ ಕೊರಗಬೇಡಿ, ಮರುದಿನ ತಪ್ಪಿಸಬೇಡಿ. ಗೆದ್ದೆವೋ ಸೋತೆವೋ ಎಂಬ ತೀರ್ಪನ್ನು ಎರಡು ತಿಂಗಳು ಮುಂದಕ್ಕೆ ಹಾಕಿ.