ಒಂದು ಚುಕ್ಕೆಯ ತೂಕ

‘ಸೇರಿಗೆ ಸವ್ವಾಸೇರು’ ಎಂಬ ಮಾತು ಕನ್ನಡದಲ್ಲಿ ಇನ್ನೂ ಬಳಕೆಯಲ್ಲಿದೆ. ಸೇರು ಮಾತ್ರ ಅಂಗಡಿಯ ತಕ್ಕಡಿಯಿಂದ ಇಳಿದು ಆರು ದಶಕಗಳೇ ಕಳೆದವು. ‘ಮಣಭಾರ’, ‘ಗುಲಗಂಜಿಯಷ್ಟೂ’ ಎಂಬ ಮಾತುಗಳೂ ಹಾಗೆಯೇ. ತೂಕಗಳು ಹೋದವು, ಮಾತುಗಳು ಉಳಿದವು. ಅವುಗಳ ಜಾಗಕ್ಕೆ ಬಂದ ಕಿಲೋಗ್ರಾಂ, ಗ್ರಾಂ, ಮಿಲಿಗ್ರಾಂಗಳು ಈಗ ಎಲ್ಲರ ಬಾಯಲ್ಲೂ ಇವೆ. ಆದರೆ ಒಂದರಿಂದ ಇನ್ನೊಂದಕ್ಕೆ ಹೋಗುವ ಲೆಕ್ಕ ಎಲ್ಲರ ಕೈಗೂ ಹತ್ತಿದೆಯೇ ಎಂಬುದು ಬೇರೆ ಪ್ರಶ್ನೆ.

ಹಳೆಯ ಪದ್ಧತಿ ಅವಿವೇಕದ್ದೇನೂ ಆಗಿರಲಿಲ್ಲ. ಬ್ರಿಟಿಷ್ ಇಂಡಿಯಾದ ಪ್ರಮಾಣದಲ್ಲಿ ಐದು ತೊಲಕ್ಕೆ ಒಂದು ಚಟಾಕು, ಹದಿನಾರು ಚಟಾಕಿಗೆ ಒಂದು ಸೇರು, ನಲವತ್ತು ಸೇರಿಗೆ ಒಂದು ಮಣ. ರೂಪಾಯಿಗೂ ಹದಿನಾರೇ ಆಣೆ. ಸೇರಿನ ಬೆಲೆ ಎಷ್ಟು ರೂಪಾಯಿಯೋ ಚಟಾಕಿನ ಬೆಲೆ ಅಷ್ಟೇ ಆಣೆ. ಓದು ಬರಹ ಬಾರದವರಿಗೂ ಈ ಲೆಕ್ಕ ಸುಲಭವಾಗಿತ್ತು.

ತೊಡಕಿದ್ದುದು ಬೇರೆ ಕಡೆ. ಒಂದು ಸೀಮೆಯ ಸೇರು ಇನ್ನೊಂದು ಸೀಮೆಯಲ್ಲಿ ಸೇರಾಗಿರಲಿಲ್ಲ. ಎಂಬತ್ತು ತೊಲದ ಸೇರು ಸುಮಾರು 933 ಗ್ರಾಂ ತೂಗಿದರೆ, ಹಳೆಯ ಮೈಸೂರಿನ ಕಚ್ಚಾ ಸೇರು 24 ತೊಲ, ಅಂದರೆ ಸುಮಾರು 280 ಗ್ರಾಂ ಮಾತ್ರ. ಹೀಗಾಗಿ ಒಂದು ಕಡೆಯ ಮಣ 37 ಕಿಲೋ ದಾಟಿದರೆ ಮತ್ತೊಂದು ಕಡೆಯದು 11 ಕಿಲೋ ಆಸುಪಾಸು. ಮೈಸೂರು, ಮುಂಬಯಿ, ಹೈದರಾಬಾದ್, ಮದರಾಸು, ಕೊಡಗು ಹೀಗೆ ಬೇರೆ ಬೇರೆ ಆಡಳಿತಗಳಲ್ಲಿದ್ದ ಕನ್ನಡ ಪ್ರದೇಶಗಳು 1956ರ ನವೆಂಬರ್ 1ರಂದು ಒಂದಾದಾಗ, ಅವುಗಳ ಜೊತೆಗೆ ಬಗೆಬಗೆಯ ಅಳತೆಗಳೂ ಒಂದೇ ಸೂರಿನಡಿ ಬಂದವು.

ಅದೇ ವರ್ಷದ ಕೊನೆಯಲ್ಲಿ ಸಂಸತ್ತು ತೂಕ ಮತ್ತು ಅಳತೆಗಳ ಕಾಯ್ದೆಯನ್ನು ಅಂಗೀಕರಿಸಿತು. 1957ರ ಏಪ್ರಿಲ್ 1ರಂದು ನಯಾಪೈಸೆ ಬಂದು ಆಣೆಯ ಲೆಕ್ಕ ಕದಲಿತು. 1958ರ ಅಕ್ಟೋಬರ್‌ನಿಂದ ಮೆಟ್ರಿಕ್ ತೂಕಗಳು ಹಂತಹಂತವಾಗಿ ಜಾರಿಯಾಗಿ, ಅರವತ್ತರ ದಶಕದ ಮೊದಲ ವರ್ಷಗಳಲ್ಲಿ ದೇಶವೆಲ್ಲ ಹರಡಿದವು. ಎಂಬತ್ತು ತೊಲದ ಸೇರಿಗೆ ಒಂದು ರೂಪಾಯಿ ಇದ್ದ ಸಾಮಾನಿಗೆ ಕಿಲೋ ಲೆಕ್ಕದಲ್ಲಿ ಸಲ್ಲಬೇಕಾದ ಬೆಲೆ 1 ರೂಪಾಯಿ 7 ನಯಾಪೈಸೆ. ಅದಕ್ಕಿಂತ ಹೆಚ್ಚು ಕೇಳಿದರೆ ಗಿರಾಕಿಗೆ ನಷ್ಟ, ಕಡಿಮೆ ಕೊಟ್ಟರೆ ವ್ಯಾಪಾರಿಗೆ ನಷ್ಟ.

ಹೊಸ ಪದ್ಧತಿಯ ಗುಟ್ಟು ಅದರ ಹೆಸರುಗಳಲ್ಲೇ ಇದೆ. ‘ಕಿಲೋ’ ಗ್ರೀಕ್ ಮೂಲದ್ದು, ‘ಮಿಲಿ’ ಲ್ಯಾಟಿನ್ ಮೂಲದ್ದು. ಎರಡೂ ಸಾವಿರಕ್ಕೆ ಸಂಬಂಧಿಸಿದ ಮಾತುಗಳೇ. ಕಿಲೋಗ್ರಾಂ ಎಂದರೆ ಸಾವಿರ ಗ್ರಾಂ. ಮಿಲಿಗ್ರಾಂ ಎಂದರೆ ಗ್ರಾಮಿನ ಸಾವಿರದಲ್ಲೊಂದು ಪಾಲು. ನೂರು ಕಿಲೋ ಒಂದು ಕ್ವಿಂಟಾಲ್, ಸಾವಿರ ಕಿಲೋ ಒಂದು ಟನ್. ಇಲ್ಲಿ ಗುಣಿಸುವ, ಭಾಗಿಸುವ ಕಷ್ಟವಿಲ್ಲ. ದಶಮಾಂಶದ ಚುಕ್ಕೆಯನ್ನು ಅತ್ತಿತ್ತ ಸರಿಸಿದರೆ ಸಾಕು. ಮಾರುಕಟ್ಟೆಯಲ್ಲಿ ರಾಗಿ ಕ್ವಿಂಟಾಲಿಗೆ 4,000 ರೂಪಾಯಿಯಾದರೆ ಕಿಲೋಗೆ 40 ರೂಪಾಯಿ ಎಂಬುದು ಬಾಯಿಲೆಕ್ಕ.

ಆದರೆ ಈ ಸುಲಭದಲ್ಲೇ ಅಪಾಯವೂ ಇದೆ. ಅಂಕಿಗಳು ಹಾಗೆಯೇ ಇದ್ದು ಚುಕ್ಕೆ ಮಾತ್ರ ಸರಿಯುವುದರಿಂದ, ತಪ್ಪಾದರೂ ಅದು ತಪ್ಪಿನಂತೆ ಕಾಣುವುದಿಲ್ಲ. ತಕ್ಕಡಿ 2.5 ಎಂದು ತೋರಿಸಿದರೆ ಅದು ಎರಡು ಕಿಲೋ ಐದು ಗ್ರಾಂ ಅಲ್ಲ, ಎರಡೂವರೆ ಕಿಲೋ. ಎರಡು ಕಿಲೋ ಐವತ್ತು ಗ್ರಾಂ ಆಗಿದ್ದರೆ 2.050 ಎಂದಿರಬೇಕು. ಚುಕ್ಕೆಯ ಮುಂದೆ ಸದಾ ಮೂರು ಸ್ಥಾನ ತುಂಬಿಸಿ ಓದುವುದೇ ಇದಕ್ಕೆ ಮದ್ದು. 2.5 ಅನ್ನು 2.500 ಎಂದು ಬರೆದುಕೊಂಡರೆ ಎರಡು ಕಿಲೋ ಐನೂರು ಗ್ರಾಂ ಎಂಬುದು ತಾನೇ ತಿಳಿಯುತ್ತದೆ.

ಚಿನ್ನದಂಗಡಿಯಲ್ಲಿ ಈ ಎಚ್ಚರ ಇನ್ನೂ ಅಗತ್ಯ. ಅಲ್ಲಿ ಚುಕ್ಕೆಯ ಮುಂದಿನ ಮೂರು ಸ್ಥಾನಗಳು ಮಿಲಿಗ್ರಾಂಗಳು. 8.25 ಗ್ರಾಂ ಎಂದರೆ 8 ಗ್ರಾಂ 250 ಮಿಲಿ, 8.025 ಎಂದರೆ 8 ಗ್ರಾಂ 25 ಮಿಲಿ. ಹತ್ತು ಗ್ರಾಮಿಗೆ ಒಂದು ಲಕ್ಷ ರೂಪಾಯಿ ಎಂದಿಟ್ಟುಕೊಂಡರೂ ಈ ಎರಡರ ನಡುವಿನ ಅಂತರ 2,250 ರೂಪಾಯಿ. ಹಿರಿಯರು ಇನ್ನೂ ತೊಲದ ಮಾತಾಡುವುದುಂಟು. ತೊಲ 11.66 ಗ್ರಾಂ, ಇಂದು ಹೇಳುವ ದರ ಹತ್ತು ಗ್ರಾಮಿನದು. ಎರಡನ್ನೂ ಒಂದೇ ಎಂದು ಭಾವಿಸಿದರೆ ಲೆಕ್ಕ ಆರರಲ್ಲೊಂದು ಪಾಲಿನಷ್ಟು ಜಾರುತ್ತದೆ.

ಕಿರಾಣಿ ಪೊಟ್ಟಣಗಳದ್ದು ಮತ್ತೊಂದು ಬಗೆ. ಬೆಲೆ ಹಾಗೆಯೇ ಇದ್ದು ತೂಕ 500 ಗ್ರಾಮಿನಿಂದ 450 ಗ್ರಾಮಿಗೆ ಇಳಿದರೆ ಕಣ್ಣಿಗೆ ಗೊತ್ತಾಗದು. ಕಿಲೋ ಲೆಕ್ಕಕ್ಕೆ ತಂದಾಗಲೇ ಬೆಲೆ ಶೇಕಡ 11ರಷ್ಟು ಏರಿದ್ದು ತಿಳಿಯುವುದು. ಪೊಟ್ಟಣದ ಮೇಲೆ ಗ್ರಾಂ ಅಥವಾ ಕಿಲೋ ಒಂದರ ಬೆಲೆಯನ್ನೂ ಮುದ್ರಿಸಬೇಕೆಂದು 2021ರಲ್ಲಿ ನಿಯಮಕ್ಕೆ ತಿದ್ದುಪಡಿ ಬಂದದ್ದು ಈ ಲೆಕ್ಕವನ್ನು ಹಗುರ ಮಾಡಲೆಂದೇ. ಲೀಟರಿಗೂ ಕಿಲೋಗೂ ಇರುವ ವ್ಯತ್ಯಾಸವನ್ನೂ ಮರೆಯುವಂತಿಲ್ಲ. ಒಂದು ಲೀಟರ್ ನೀರು ಹೆಚ್ಚುಕಡಿಮೆ ಒಂದು ಕಿಲೋ ತೂಗುತ್ತದೆ. ಅಡುಗೆ ಎಣ್ಣೆ ತೂಗುವುದು ಸುಮಾರು 910 ಗ್ರಾಂ ಮಾತ್ರ.

ಹಣದ ನಷ್ಟವನ್ನು ಹೇಗಾದರೂ ತುಂಬಿಕೊಳ್ಳಬಹುದು. ಔಷಧದಲ್ಲಿ ಚುಕ್ಕೆ ತಪ್ಪಿದರೆ ಜೀವಕ್ಕೇ ಕುತ್ತು. ಥೈರಾಯ್ಡ್ ತೊಂದರೆಗೆ ಕೊಡುವ ಥೈರಾಕ್ಸಿನ್ ಮಾತ್ರೆಯ ಅಳತೆ ಮೈಕ್ರೋಗ್ರಾಂನಲ್ಲಿರುತ್ತದೆ. ಅದು ಮಿಲಿಗ್ರಾಮಿನ ಸಾವಿರದಲ್ಲೊಂದು ಪಾಲು. 50 ಮೈಕ್ರೋಗ್ರಾಂ ಎಂದರೆ 0.05 ಮಿಲಿಗ್ರಾಂ. ಇಲ್ಲಿ ಸೊನ್ನೆಯ ನಿಯಮ ತಕ್ಕಡಿಯದಕ್ಕಿಂತ ಬೇರೆ. ಅರ್ಧ ಮಿಲಿಗ್ರಾಮನ್ನು .5 ಎಂದು ಬರೆಯದೆ 0.5 ಎಂದು ಬರೆಯಬೇಕು. ಚುಕ್ಕೆ ಮಸುಕಾದರೆ ಅದು 5 ಆದೀತು. ಐದು ಮಿಲಿಗ್ರಾಮನ್ನು 5.0 ಎಂದು ಬರೆಯಬಾರದು. ಅದು 50 ಆದೀತು. ಸಂದೇಹವಿದ್ದಾಗ ವೈದ್ಯರನ್ನೋ ಔಷಧದಂಗಡಿಯವರನ್ನೋ ಕೇಳದೆ ಮಾತ್ರೆ ನುಂಗಬಾರದು.

ಪ್ಯಾರಿಸ್ ಬಳಿ ಭದ್ರವಾಗಿಟ್ಟಿದ್ದ ಲೋಹದ ತುಂಡೊಂದು 1889ರಿಂದ ಜಗತ್ತಿಗೆಲ್ಲ ಕಿಲೋಗ್ರಾಮಿನ ಆಧಾರವಾಗಿತ್ತು. 2019ರ ಮೇ 20ರಿಂದ ಅದರ ಸ್ಥಾನವನ್ನು ಪ್ಲಾಂಕ್ ಸ್ಥಿರಾಂಕ ಎಂಬ, ಎಂದಿಗೂ ಸವೆಯದ ಸಂಖ್ಯೆ ಪಡೆದಿದೆ. ವಿಜ್ಞಾನಿಗಳು ಕಿಲೋವನ್ನು ಕದಲದಂತೆ ಕಟ್ಟಿಹಾಕಿದ್ದಾರೆ. ಚುಕ್ಕೆ ಕದಲದಂತೆ ನೋಡಿಕೊಳ್ಳುವ ಕೆಲಸ ಮಾತ್ರ ಕೊಳ್ಳುವವರದು, ಮಾರುವವರದು, ಚೀಟಿ ಬರೆಯುವವರದು.